ಪಾಟಿ ನಿಂತರೇನು, ಕಿರ್ದಿ ಇದೆಯಲ್ಲ

ಈ ಸಲದ ಅಂಚೆಯಲ್ಲಿ ಒಂದೇ ವಿಷಯದ ಮೇಲೆ ನಾಲ್ಕು ಪತ್ರ ಬಂದಿವೆ. ಒಂದು ಕಲಬುರಗಿಯಿಂದ, ಒಂದು ಬೀದರ್ ಜಿಲ್ಲೆಯಿಂದ, ಒಂದು ಯಾದಗಿರಿ ಜಿಲ್ಲೆಯಿಂದ, ಇನ್ನೊಂದು ಸೇಡಂನಿಂದ. ಎಲ್ಲವೂ ಒರೆಸಿ ಮತ್ತೆ ಬರೆಯುವ ಸ್ಮಾರ್ಟ್ ನೋಟ್‌ಬುಕ್ ಬಗ್ಗೆ. ಕಲಬುರಗಿಯಲ್ಲಿ 26 ವರ್ಷ ಸ್ಟೇಷನರಿ ಅಂಗಡಿ ನಡೆಸಿದವನು ನಾನು. ನೋಟ್‌ಬುಕ್ ಮಾತು ಬಂದರೆ ಸುಮ್ನೆ ಕೂರೋಕೆ ಆಗಲ್ಲ. ಇನ್ವರ್ಟರ್, ಮಿಕ್ಸರ್ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಪ್ರಶ್ನೆ: ನಾನು ಇಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿರುವ ತಮ್ಮ ಒಂದು ಸ್ಮಾರ್ಟ್ ನೋಟ್‌ಬುಕ್ ತಂದುಕೊಟ್ಟ. 36 ಪುಟ. ಲೆಕ್ಕ ಬಿಡಿಸಿ, ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಮಕ್ಕಳ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತೇನೆ. ಇಡೀ ಪುಸ್ತಕ ಒಂದು 40 ಸಲವಾದರೂ ತುಂಬಿ ಖಾಲಿಯಾಗಿರಬೇಕು. ಈಗ ಆ ಕಂಪನಿ ಈ ನೋಟ್‌ಬುಕ್ ಮಾಡುವುದನ್ನೇ ನಿಲ್ಲಿಸಿದೆಯಂತೆ. ಆ್ಯಪ್ ಕೂಡ ನಿಂತರೆ ನನ್ನ ಪುಸ್ತಕ ರದ್ದಿಗೆ ಹೋಗುತ್ತದಾ? ಇಷ್ಟು ವರ್ಷದ ಸ್ಕ್ಯಾನ್‌ಗಳ ಗತಿ ಏನು? ನಮ್ಮ ಮನೆಯವರಂತೂ "ಆ ದುಡ್ಡಿಗೆ ಒಂದು ಡಜನ್ ಉದ್ದನೆ ನೋಟ್‌ಬುಕ್ ಬರ್ತಿದ್ವು" ಅಂತ ದಿನಾ ಹಂಗಿಸುತ್ತಾರೆ.
— ಉಪನ್ಯಾಸಕಿ, ಕಲಬುರಗಿ

ಉತ್ತರ: ಮೇಡಂ, ಪುಸ್ತಕದ ಹೆಸರು ನೀವು ಬರೆದಿದ್ದೀರಿ. ನಾನು ಇಲ್ಲಿ ಹಾಕುವುದಿಲ್ಲ. ಈ ಜಾತಿಯ ಪುಸ್ತಕ ಬೇರೆಯವರೂ ಮಾಡುತ್ತಾರೆ, ಹೇಳುವ ಮಾತು ಎಲ್ಲದಕ್ಕೂ ಒಂದೇ.

ನಮ್ಮಪ್ಪ ಇಲ್ಲಿನ ಒಂದು ದಾಲ್ ಮಿಲ್ಲಿನಲ್ಲಿ ಮುನೀಮರಾಗಿದ್ದರು. ತೊಗರಿ ಸುಗ್ಗಿಯಲ್ಲಿ ನಾನು ಮಧ್ಯಾಹ್ನದ ಬುತ್ತಿ ಒಯ್ಯುತ್ತಿದ್ದೆ. ಅಲ್ಲಿ ನೆಲಕ್ಕೆಲ್ಲ ಶಹಾಬಾದ್ ಕಲ್ಲು. ಹಮಾಲರು ಚೀಲ ಇಳಿಸುತ್ತಿದ್ದ ಹಾಗೆ ಅಪ್ಪ ಬಾಗಿಲ ಪಕ್ಕದ ಪರಸಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನಾಲ್ಕು ಗೆರೆ ನೆಟ್ಟಗೆ, ಐದನೆಯದು ಅಡ್ಡ. ಸಂಜೆ ಅಷ್ಟನ್ನೂ ಎಣಿಸಿ ಕೆಂಪು ಬಟ್ಟೆ ಹೊದಿಕೆಯ ಕಿರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಏರಿಸಿದ ಮೇಲೆಯೇ ಕಲ್ಲಿಗೆ ಒದ್ದೆ ಅರಿವೆ. ಒಂದು ದಿನ ಹೊಸದಾಗಿ ಬಂದಿದ್ದ ಹೆಣ್ಣುಮಗಳು, ಪಾಪ, ಲಗೂನೆ ಮನೆಗೆ ಹೋಗುವ ಅವಸರದಲ್ಲಿ ಕಿರ್ದಿ ಬರೆಯುವ ಮೊದಲೇ ನೆಲ ಒರೆಸಿಬಿಟ್ಟಳು. ಅಪ್ಪ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ರಾತ್ರಿ ಹತ್ತರವರೆಗೆ ಚೀಲಗಳನ್ನು ಒಂದೊಂದಾಗಿ ಮತ್ತೆ ಎಣಿಸಿದರು. ನಾನು ಕಂದೀಲು ಹಿಡಿದಿದ್ದೆ.

ನಿಮ್ಮ ಸ್ಮಾರ್ಟ್ ನೋಟ್‌ಬುಕ್ ಅಂದರೆ ಆ ಪರಸಿ ಕಲ್ಲೇ. ಬೇಕಾದರೆ ಪಾಟಿ ಅನ್ನಿ, ಸ್ಲೇಟು ಅನ್ನಿ. ಕಿರ್ದಿ ಇರುವುದು ಬೇರೆ ಕಡೆ. ಕಂಪನಿ ನಿಲ್ಲಿಸಿರುವುದು ಪಾಟಿ ಮಾಡುವುದನ್ನು. ನಿಮ್ಮ ಕಿರ್ದಿ ಎಲ್ಲಿದೆ ಅನ್ನುವುದು ನಿಮಗೆ ಗೊತ್ತಿದೆಯಾ? ಪತ್ರದಲ್ಲಿ ಅದನ್ನು ಬರೆದೇ ಇಲ್ಲ ನೀವು. ನನಗೆ ಚಿಂತೆ ಆಗಿದ್ದು ಅದಕ್ಕೇ.

ಮೊದಲು ಪುಟದ ಮಾತು. ಅದು ಕಾಗದ ಅಲ್ಲ, ಪಾಲಿಯೆಸ್ಟರ್ ಸೇರಿಸಿ ಮಾಡಿದ ಒಂಥರಾ ಪ್ಲಾಸ್ಟಿಕ್ ಹಾಳೆ. ನೀರು ಕುಡಿಯುವುದಿಲ್ಲ. ಇಂಕು ಒಳಗೆ ಇಳಿಯದೆ ಮೇಲೆಯೇ ಕೂರುತ್ತದೆ, ಅದಕ್ಕೇ ಒದ್ದೆ ಬಟ್ಟೆಗೆ ಬರುತ್ತದೆ. ಈ ಹಾಳೆಗೆ ಕಂಪನಿ ತಯಾರಿಕೆ ನಿಲ್ಲಿಸಿದ ಸುದ್ದಿ ಮುಟ್ಟುವುದಿಲ್ಲ. ನಾಲ್ಕು ವರ್ಷ ಬಂದಿದೆ ಅಂದಮೇಲೆ ಇನ್ನೂ ಬರುತ್ತದೆ. ಸ್ಪೈರಲ್ ಸೊಟ್ಟಗಾದರೆ ಯಾವುದಾದರೂ ಬೈಂಡಿಂಗ್ ಅಂಗಡಿಗೆ ಕೊಡಿ, ಹೊಸ ಸುರುಳಿ ಹಾಕಿಕೊಡುತ್ತಾರೆ.

ಪೆನ್ನು ಇನ್ನೂ ಸಲೀಸು. ಇಂಥ ಪುಸ್ತಕಕ್ಕೆ ಬಳಸುವುದು ಜಪಾನಿನ ಪೈಲಟ್ ಕಂಪನಿಯ ಫ್ರಿಕ್ಷನ್ ಪೆನ್ನು, ಅಲ್ವಾ? ಅದು ಈ ನೋಟ್‌ಬುಕ್‌ಗೋಸ್ಕರ ಹುಟ್ಟಿದ್ದಲ್ಲ. 2006ರಲ್ಲಿ ಯುರೋಪಿನಲ್ಲಿ ಮಾರಾಟಕ್ಕೆ ಬಂತು, ಸಾದಾ ಕಾಗದದ ಮೇಲೆ ಬರೆದು ಉಜ್ಜಿ ಅಳಿಸಲು. ನೋಟ್‌ಬುಕ್ ನಿಂತರೂ ಪೆನ್ನಿನ ಅಂಗಡಿ ಬೇರೆಯೇ. ರಿಫಿಲ್ ಆನ್‌ಲೈನಿನಲ್ಲಿ ಸಿಗುತ್ತದೆ. ಆದರೆ ಈ ರಿಫಿಲ್ ಬೇಗ ಮುಗಿಯುತ್ತದೆ ಅನ್ನುವುದು ನಿಮಗೇ ಗೊತ್ತಿರಬೇಕು. ಒಂದು ಪ್ಯಾಕ್ ತರಿಸಿಡಿ, ಸಾಕು. ಹತ್ತು ಪ್ಯಾಕ್ ಕೂಡಿಹಾಕಬೇಡಿ, ಇಟ್ಟಲ್ಲೇ ಒಣಗುತ್ತವೆ.

ಇನ್ನು ಆ್ಯಪ್. ಆಯುಷ್ಯ ಕಮ್ಮಿ ಇರುವುದು ಇದಕ್ಕೇ. ಇದು ನಿಮ್ಮ ಕಂಪನಿಯ ಕಥೆ ಒಂದೇ ಅಲ್ಲ. ಕ್ಯಾಮ್‌ಸ್ಕ್ಯಾನರ್ ನೆನಪಿದೆಯಾ? ಪಹಣಿ, ಅಂಕಪಟ್ಟಿ, ರೇಷನ್ ಕಾರ್ಡು ಏನೇ ಇದ್ದರೂ ಇಡೀ ಊರು ಅದರಲ್ಲೇ ಸ್ಕ್ಯಾನ್ ಮಾಡುತ್ತಿತ್ತು. 2020ರ ಜೂನ್ 29ಕ್ಕೆ ಸರ್ಕಾರ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಅದೂ ಇತ್ತು. ಮರುದಿನ ನನ್ನ ಅಂಗಡಿಗೆ ಎಷ್ಟು ಜನ ಬಂದರು ಅಂತೀರಿ, "ನನ್ನ ಕಾಗದಪತ್ರ ಎಲ್ಲಾ ಅದರೊಳಗೇ ಇದ್ವು ರೀ" ಅಂತ. ಆಮೇಲೆ ಮೈಕ್ರೋಸಾಫ್ಟ್ ಲೆನ್ಸ್ ಒಳ್ಳೆಯದು ಅಂತ ನಾನೇ ಈ ಅಂಕಣದಲ್ಲಿ ಬರೆದಿದ್ದೆ. 2025ರಲ್ಲಿ ಅವರೂ ಅದನ್ನು ನಿಲ್ಲಿಸುತ್ತೇವೆ ಅಂದರು. ಅಷ್ಟು ದೊಡ್ಡ ಕಂಪನಿಯೇ ಹಾಗೆ ಮಾಡಿದ ಮೇಲೆ ನೋಟ್‌ಬುಕ್ ಮಾರುವವರ ಆ್ಯಪ್ ಮೇಲೆ ಎಷ್ಟು ಭಾರ ಹಾಕಬಹುದು ನೀವೇ ಹೇಳಿ.

ಹಾಗಾದರೆ ಆ ಆ್ಯಪ್ ಇಲ್ಲದೆ ಪುಸ್ತಕ ನಡೆಯುತ್ತದಾ? ಆರಾಮಾಗಿ. ಪುಟದ ಸುತ್ತ ದಪ್ಪ ಕಪ್ಪು ಗೆರೆ ಇದೆ ನೋಡಿ. ನಾಲ್ಕು ಮೂಲೆ ಎಲ್ಲಿವೆ ಅಂತ ಕ್ಯಾಮೆರಾಗೆ ತೋರಿಸಿಕೊಡುವುದು ಅದರ ಕೆಲಸ. ಆ ಗೆರೆ ಯಾವ ಸ್ಕ್ಯಾನ್ ಆ್ಯಪ್‌ಗೂ ಕಾಣುತ್ತದೆ. ಕೆಳಗಿನ ಕ್ಯೂಆರ್ ಗುರುತು ಮತ್ತು ಸಾಲಾಗಿರುವ ಚಿಕ್ಕ ಚಿತ್ರಗಳು ಮಾತ್ರ ಅವರ ಆ್ಯಪ್‌ಗೆ ಸಂಬಂಧಪಟ್ಟವು. ಇಂಥ ಚಿತ್ರಕ್ಕೆ ಗುರುತು ಹಾಕಿದರೆ ಡ್ರೈವ್‌ಗೆ ಹೋಗಲಿ, ಇಂಥದಕ್ಕೆ ಹಾಕಿದರೆ ಇಮೇಲ್‌ಗೆ ಹೋಗಲಿ ಅಂತ ನೀವು ಮೊದಲೇ ಹೇಳಿಟ್ಟಿರುತ್ತೀರಲ್ಲ, ಆ ಸೌಕರ್ಯ ಹೋಗುತ್ತದೆ. ಹೋದರೆ ನಿಮ್ಮ ಬೆರಳಿಗೆ ಎರಡು ಒತ್ತು ಜಾಸ್ತಿ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಡ್ರೈವ್ ತೆರೆದರೆ ಕ್ಯಾಮೆರಾ ಗುರುತು ಕಾಣುತ್ತದೆ, ಒತ್ತಿದರೆ ಸ್ಕ್ಯಾನ್ ಆಗಿ ಪಿಡಿಎಫ್ ಸಿಗುತ್ತದೆ. ಐಫೋನ್ ಇದ್ದರೆ ಅದರ ನೋಟ್ಸ್ ಆ್ಯಪ್‌ನಲ್ಲೇ ಸ್ಕ್ಯಾನ್ ಇದೆ, 2017ರಿಂದ.

ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಕೆಲಸ ಮಾಡಿ. ಆ್ಯಪ್ ತೆರೆದು ಹಳೆಯ ಸ್ಕ್ಯಾನ್‌ಗಳ ಪಟ್ಟಿ ನೋಡಿ. ಅವು ನಿಮ್ಮ ಡ್ರೈವ್‌ನಲ್ಲೂ ಇವೆಯಾ, ಇಲ್ಲಾ ಆ್ಯಪ್ ಒಳಗೆ ಮಾತ್ರ ಕೂತಿವೆಯಾ? ಅನುಮಾನ ಬಂದರೆ ಒಂದು ಹಳೆಯ ತಾರೀಕಿನ ಪಿಡಿಎಫ್ ಅನ್ನು ಡ್ರೈವ್‌ನಲ್ಲಿ ಹುಡುಕಿ ತೆರೆದೇ ನೋಡಿ. "ಕಳಿಸಲಾಗಿದೆ" ಅಂತ ಹಸಿರು ಗುರುತು ಇದೆ ಅಂತ ನಂಬಬೇಡಿ. ಆ್ಯಪ್ ಒಳಗೆ ಮಾತ್ರ ಇದ್ದದ್ದನ್ನೆಲ್ಲ ಹೊರಗೆ ತೆಗೆಯಿರಿ. ವಾಟ್ಸ್ಆ್ಯಪ್ ಗುಂಪನ್ನು ಕಿರ್ದಿ ಅಂದುಕೊಳ್ಳಬೇಡಿ, ಅಲ್ಲಿ ಹಳೆಯ ಫೈಲು ಡೌನ್‌ಲೋಡ್ ಮಾಡದೆ ಬಿಟ್ಟರೆ ಆಮೇಲೆ ತೆರೆಯುವುದಿಲ್ಲ. ಆಮೇಲೆ ಇಡೀ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೂ ಹಾಕಿ ಗೋದ್ರೇಜ್ ಬೀರುವಿನಲ್ಲಿ ಬಂಗಾರದ ಡಬ್ಬಿ ಪಕ್ಕ ಇಡಿ. ನಗಬೇಡಿ, ನನ್ನದು ಅಲ್ಲೇ ಇದೆ.

ಫೋನ್ ಬದಲಿಸುವ ವಿಚಾರ ಇದ್ದರೆ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಲು ಅವಸರ ಮಾಡಬೇಡಿ. ಪ್ಲೇ ಸ್ಟೋರಿನಂಥ ಆ್ಯಪ್ ಅಂಗಡಿಯಿಂದ ತೆಗೆದುಹಾಕಿದ ಆ್ಯಪ್ ಮೊದಲೇ ಇದ್ದ ಫೋನಿನಲ್ಲಿ ಸ್ವಲ್ಪ ದಿನ ನಡೆಯಬಹುದು, ಹೊಸ ಫೋನಿಗೆ ಇಳಿಸಲು ಸಿಗುವುದಿಲ್ಲ.

ಇನ್ನೊಂದು ಸಣ್ಣ ಉಪಾಯ. ಈ ಪುಸ್ತಕದ ಮೇಲೆ ಸಾದಾ ಬಾಲ್ ಪೆನ್ನಿನಲ್ಲಿ ಬರೆಯಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಯಾಕಂದರೆ ಎಣ್ಣೆ ಇಂಕು ಹೋಗುವುದಿಲ್ಲ. ಹೋಗದೇ ಇರುವುದೂ ಒಂದು ಅನುಕೂಲವೇ. ಕೊನೆಯ ಪುಟದ ಒಳಮೂಲೆಯಲ್ಲಿ ಬಾಲ್ ಪೆನ್ನಿನಲ್ಲೇ ಬರೆದಿಡಿ: ಯಾವ ಫೋಲ್ಡರಿನಲ್ಲಿ ಪ್ರಥಮ ಪಿಯು, ಯಾವುದರಲ್ಲಿ ದ್ವಿತೀಯ ಪಿಯು, ಫೈಲಿಗೆ ಹೆಸರು ಹೇಗೆ ಇಡುತ್ತೀರಿ. ಆ್ಯಪ್ ನೆನಪಿಟ್ಟುಕೊಳ್ಳುತ್ತಿದ್ದುದನ್ನು ಇನ್ನು ಪುಸ್ತಕ ನೆನಪಿಟ್ಟುಕೊಳ್ಳಲಿ.

ಯಜಮಾನರ ಮಾತಿಗೆ ಬರೋಣ. ಲೆಕ್ಕ ಹಾಕಿದೆ. 36 ಪುಟ, 40 ಸಲ, ಒಟ್ಟು 1440 ಪುಟ. 200 ಪುಟದ ಉದ್ದನೆ ನೋಟ್‌ಬುಕ್ ಎಂಟು ಸಾಕಿತ್ತು. ಮೇಡಂ, ದುಡ್ಡಿನ ಲೆಕ್ಕದಲ್ಲಿ ಅವರು ಗೆದ್ದರು, ಒಪ್ಪಿಕೊಳ್ಳಿ. ಆದರೆ ಎರಡು ವರ್ಷದ ಹಿಂದೆ ಬಿಡಿಸಿದ ಮಸೂರದ ಲೆಕ್ಕ ಬೇಕು ಅಂತ ರಾತ್ರಿ ಒಂಬತ್ತಕ್ಕೆ ಒಬ್ಬ ಹುಡುಗ ಫೋನ್ ಮಾಡಿದರೆ, ಆ ಎಂಟು ಪುಸ್ತಕದಲ್ಲಿ ಹುಡುಕಿ ಕೊಡಲು ಅವರಿಗೇ ಹೇಳಿ.

ಪ್ರಶ್ನೆ: ನಾನು ವಿಮೆ ಏಜೆಂಟ್. ಇಂಥದೇ ನೋಟ್‌ಬುಕ್‌ನಲ್ಲಿ ಗಿರಾಕಿಗಳ ವಿವರ ಬರೆದುಕೊಳ್ಳುತ್ತೇನೆ. ಕಂಪನಿ ನಿಂತಿತು ಅಂತ ಗೊತ್ತಾದ ಮೇಲೆ ಅದೇ ಪೆನ್ನನ್ನು ಸಾದಾ ಡೈರಿಗೂ ಬಳಸಲು ಶುರು ಮಾಡಿದೆ. ಮೇ ತಿಂಗಳಲ್ಲಿ ಹುಮನಾಬಾದ್‌ನಲ್ಲಿ ಒಂದು ಮದುವೆಗೆ ಹೋಗಿ ಎರಡೂ ಪುಸ್ತಕ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿದ್ದೆ. ಊಟ ಮಾಡಿ ಬಂದು ನೋಡಿದರೆ ಎರಡೂ ಬಿಳಿ! ಒಂದು ಅಕ್ಷರ ಇಲ್ಲ. ಯಾರಾದರೂ ಮಾಟ ಮಾಡಿಸಿದರಾ ಅಂತ ನಮ್ಮವ್ವ ಕೇಳುತ್ತಾಳೆ.
— ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಮಾಟ ಮಾಡಿದ್ದು ಬಿಸಿಲು. ಅವ್ವಗೆ ಹೇಳಿ.

ಫ್ರಿಕ್ಷನ್ ಇಂಕಿನಲ್ಲಿ ಬಣ್ಣ ಸಣ್ಣ ಸಣ್ಣ ಕೋಶಗಳ ಒಳಗೆ ಇರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಪ್ರತಿ ಕೋಶದಲ್ಲಿ ಮೂರು ಪದಾರ್ಥ: ಬಣ್ಣ, ಆ ಬಣ್ಣ ಮೂಡಿಸುವುದು, ಬಿಸಿಗೆ ತಕ್ಕ ಹಾಗೆ ಇವೆರಡನ್ನೂ ಕೂಡಿಸುವುದು ಬಿಡಿಸುವುದು. ಸುಮಾರು 60 ಡಿಗ್ರಿ ದಾಟಿದರೆ ಜೋಡಿ ಬಿಡುತ್ತದೆ, ಅಕ್ಷರ ಮಾಯ. ಪೆನ್ನಿನ ಹಿಂದಿನ ರಬ್ಬರಿನಿಂದ ಉಜ್ಜುತ್ತೀರಲ್ಲ, ಅದು ಅಳಿಸುವುದಲ್ಲ, ಉಜ್ಜಿ ಬಿಸಿ ಮಾಡುವುದು. ನಿಮ್ಮ ಬೀದರ್ ಕಡೆ ನಮ್ಮ ಕಲಬುರಗಿಗಿಂತ ತುಸು ತಂಪು ಅಂತ ನೀವು ಜಂಬ ಕೊಚ್ಚಿಕೊಳ್ಳುವುದು ಗೊತ್ತು. ಆದರೆ ಹೊರಗೆ 40 ಇದ್ದರೂ ಗಾಜು ಏರಿಸಿದ ಕಾರಿನ ಡ್ಯಾಶ್‌ಬೋರ್ಡ್ 70ರ ಆಸುಪಾಸಿಗೆ ಹೋಗುತ್ತದೆ. ಇನ್ನೆಲ್ಲಿ ಅಕ್ಷರ?

ಈಗ ಒಳ್ಳೆ ಸುದ್ದಿ. ಅಕ್ಷರ ಹೋಗಿಲ್ಲ, ಬಣ್ಣ ಮಾತ್ರ ಅಡಗಿದೆ. ಎರಡೂ ಪುಸ್ತಕವನ್ನು ಗಾಳಿ ಆಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್ಜಿನ ಮೇಲಿನ ಫ್ರೀಜರ್ ಖಾನೆಯಲ್ಲಿ ಒಂದು ರಾತ್ರಿ ಇಡಿ. ಈ ಇಂಕು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಮರಳಿ ಬರಲು ಶುರು, ಇಪ್ಪತ್ತು ಡಿಗ್ರಿ ಕೆಳಗೆ ಪೂರ್ತಿ. ಸರಿಯಾಗಿ ಕೆಲಸ ಮಾಡುವ ಮನೆ ಫ್ರೀಜರ್ 18 ಡಿಗ್ರಿ ಕೆಳಗಿನವರೆಗೆ ಹೋಗುತ್ತದೆ. ಕರೆಂಟ್ ಹೋಗಿ ಬಂದು ಮಾಡಿದರೆ ಎರಡು ರಾತ್ರಿ ಬಿಡಿ. ಹೊರಗೆ ತೆಗೆದ ಮೇಲೆ ಚೀಲ ಕೂಡಲೇ ಬಿಚ್ಚಬೇಡಿ. ತಣ್ಣಗಿನ ಹಾಳೆ ಮೇಲೆ ನೀರು ಹನಿಗಟ್ಟುತ್ತದೆ, ಸ್ಮಾರ್ಟ್ ನೋಟ್‌ಬುಕ್ ಮೇಲಿನ ಬರಹ ಆ ನೀರಿಗೇ ಕಲಸಿಹೋಗುತ್ತದೆ. ಒಂದು ತಾಸು ಕಾದು, ಬಿಚ್ಚಿ, ಮೊದಲು ಫೋಟೋ ಹೊಡೆಯಿರಿ. ಆಮೇಲೆ ಚಹಾ.

ಡೈರಿಯಲ್ಲಿ ಒಂದು ತಮಾಷೆ ಆಗಬಹುದು. ಮೊದಲು ನೀವು ಉಜ್ಜಿ ಅಳಿಸಿದ್ದ ತಪ್ಪುಗಳೂ ಎದ್ದು ಬಂದು ಹೊಸ ಬರಹದ ಮೇಲೆ ಕೂರುತ್ತವೆ. ಸ್ಮಾರ್ಟ್ ನೋಟ್‌ಬುಕ್‌ನಲ್ಲಿ ಆ ಭಯ ಇಲ್ಲ, ಅಲ್ಲಿ ಇಂಕು ಬಟ್ಟೆಗೆ ಹೋಗಿರುತ್ತದೆ.

ಬಿಸಿಗೆ ಅಳಿಯುವ ಈ ಗುಣವನ್ನೇ ನೆಚ್ಚಿ ರಾಕೆಟ್‌ಬುಕ್ ಅನ್ನುವ ಸ್ಮಾರ್ಟ್ ನೋಟ್‌ಬುಕ್ ಕಂಪನಿಯವರು 2015ರಲ್ಲಿ ವೇವ್ ಅಂತ ಒಂದು ಪುಸ್ತಕ ತಂದಿದ್ದರು. ಅದನ್ನು ಮೈಕ್ರೋವೇವ್ ಒಲೆಯಲ್ಲಿ, ಮೇಲೆ ಒಂದು ಕಪ್ ನೀರಿಟ್ಟು, ಬಿಸಿ ಮಾಡಿ ಅಳಿಸಬೇಕಿತ್ತು. ನೀರಲ್ಲಿ ಒರೆಸುವುದು ಆಮೇಲೆ ಬಂದದ್ದು. ನಮ್ಮ ಕಡೆ ಒಲೆ ಯಾಕೆ, ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಒಂದು ಕರಿ ತಗಡಿನ ಮೇಲಿಟ್ಟರೆ ಸಾಕಿತ್ತು ಅನಿಸುತ್ತದೆ.

ಒಂದು ಗಟ್ಟಿ ಮಾತು: ನೀವು ವಿಮೆ ಏಜೆಂಟ್. ಪ್ರಪೋಸಲ್ ಫಾರಂ, ಚೆಕ್ಕು, ರಸೀದಿ, ಸಹಿ ಇವಕ್ಕೆ ಈ ಪೆನ್ನು ಮುಟ್ಟಿಸಲೇಬೇಡಿ. ಪೆನ್ನು ಮಾಡುವ ಕಂಪನಿಯೇ ಬೇಡ ಅನ್ನುತ್ತದೆ. ಜೇಬಿನಲ್ಲಿ ಎರಡು ಪೆನ್ನು ಇರಲಿ, ಬಣ್ಣ ಬೇರೆ ಬೇರೆ ಇರಲಿ.

ಪ್ರಶ್ನೆ: ಪಿಡಿಒ ಪರೀಕ್ಷೆಗೆ ಓದುತ್ತಿದ್ದೇನೆ. ಉತ್ತರ ಬರೆದು ಬರೆದು ಕಾಗದ ಮುಗಿಯುತ್ತಿದೆ. ನಿಂತುಹೋದ ಸ್ಮಾರ್ಟ್ ನೋಟ್‌ಬುಕ್ ಒಂದು ಕಡೆ ಅರ್ಧ ಬೆಲೆಗೆ ಕೊಡುತ್ತಿದ್ದಾರೆ. ತಗೊಳ್ಳಲಾ?
— ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಬೇಡ ತಮ್ಮಾ. ಪರೀಕ್ಷೆಯಲ್ಲಿ ಬರೆಯುವುದು ಕಾಗದದ ಮೇಲೆ, ಬಾಲ್ ಪೆನ್ನಿನಲ್ಲಿ. ಈ ನುಣ್ಣನೆ ಹಾಳೆ ಮೇಲೆ ಕೈ ಜಾರುತ್ತದೆ, ಬರೆದದ್ದು ಒಣಗಲು ಹತ್ತು ಹದಿನೈದು ಸೆಕೆಂಡು ಬೇಕು. ನಿನಗೆ ಬೇಕಾದ ವೇಗ ಇದರಲ್ಲಿ ಪಳಗುವುದಿಲ್ಲ. ದೊಡ್ಡ ಉತ್ತರ ಕಾಗದದ ಮೇಲೇ ಬರಿ. ಹಳೆ ಪ್ರಶ್ನೆಪತ್ರಿಕೆ, ಒಂದು ಮಗ್ಗಲು ಖಾಲಿ ಇರುವ ಝೆರಾಕ್ಸ್ ಹಾಳೆ ಯಾವ ಅಂಗಡಿಯಲ್ಲಾದರೂ ಕೇಳಿದರೆ ಕೊಡುತ್ತಾರೆ. ನಾನು ಕಟ್ಟುಗಟ್ಟಲೆ ಕೊಟ್ಟಿದ್ದೇನೆ.

ಇಸವಿ, ಕಲಂ, ಸೂತ್ರ ಇಂಥವನ್ನು ಬರೆದು ಒರೆಸಿ ಬಾಯಿಪಾಠ ಮಾಡಲು ಪಾಟಿ ಬೇಕು ಅಂದರೆ ಅದಕ್ಕೂ ಕಂಪನಿ ಬೇಕಿಲ್ಲ. ನಾಲ್ಕು ಎ4 ಹಾಳೆಗೆ ಗೆರೆ ಹಾಕಿಸಿ ಲ್ಯಾಮಿನೇಷನ್ ಮಾಡಿಸು, ವೈಟ್‌ಬೋರ್ಡ್ ಮಾರ್ಕರಿನಲ್ಲಿ ಬರಿ, ಹಳೆ ಬನಿಯನ್ ತುಂಡಿನಲ್ಲಿ ಒರೆಸು. ಹಾಳೆಯ ಅಂಚಿಗೆ ಸುತ್ತಲೂ ದಪ್ಪ ಕಪ್ಪು ಗೆರೆ ಹಾಕಿಸುವುದು ಮರೆಯಬೇಡ. ಮೇಲಿನ ಮೇಡಂಗೆ ಹೇಳಿದೆನಲ್ಲ, ಮೂಲೆ ಹುಡುಕಲು ಫೋನಿಗೆ ಅದು ಬೇಕು. ಲ್ಯಾಮಿನೇಷನ್ ಹೊಳೆಯುತ್ತದೆ, ಟ್ಯೂಬ್‌ಲೈಟ್ ಕೆಳಗೆ ಸ್ಕ್ಯಾನ್ ಮಾಡಿದರೆ ನಡುವೆ ಬಿಳಿ ಪಟ್ಟಿ ಬೀಳುತ್ತದೆ. ಬಾಗಿಲ ಬಳಿ ಹಗಲು ಬೆಳಕಿನಲ್ಲಿ ಮಾಡು.

ಪ್ರಶ್ನೆ: ಹೊಸದು ಇನ್ನು ಸಿಗಲ್ಲ ಅಂತ ನನ್ನ ಸ್ಮಾರ್ಟ್ ನೋಟ್‌ಬುಕ್ಕನ್ನು ಜೋಪಾನವಾಗಿ ಇಟ್ಟಿದ್ದೆ. ಐದು ವರ್ಷದ ಮಗಳು ನೀಲಿ ಬಾಲ್ ಪೆನ್ನಿನಲ್ಲಿ 14ನೇ ಪುಟದ ತುಂಬ ಮೇಕೆ ಬಿಡಿಸಿದ್ದಾಳೆ. ನೀರಿಗೆ ಹೋಗುತ್ತಿಲ್ಲ. ಅಲ್ಲದೆ ಮೂರು ತಿಂಗಳು ಒರೆಸದೆ ಬಿಟ್ಟ ಪುಟಗಳಲ್ಲೂ ನೆರಳಿನ ಹಾಗೆ ಕಲೆ ಉಳಿದಿದೆ.
— ಸೇಡಂ

ಉತ್ತರ: ಹಳೆಯ ಕಲೆಗೆ ಅವಸರ ಬೇಡ. ಬಟ್ಟೆಯನ್ನು ಚೆನ್ನಾಗಿ ಒದ್ದೆ ಮಾಡಿ ಪುಟದ ಮೇಲೆ ಎರಡು ನಿಮಿಷ ಹಾಸಿ ಬಿಡಿ, ಆಮೇಲೆ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಇನ್ನೊಂದು ಸಲ. ಒಣ ಬಟ್ಟೆ ಬಿಟ್ಟರೆ ಕರಗಿದ ಇಂಕು ತೆಳ್ಳಗೆ ಹರಡಿ ಮತ್ತೆ ಅಲ್ಲೇ ಕೂರುತ್ತದೆ, ನೀವು ಕಲೆ ಅನ್ನುವುದು ಬಹಳ ಸಲ ಅದೇ. ಇನ್ನು ಮುಂದೆ ತಿಂಗಳಿಗೊಮ್ಮೆಯಾದರೂ ಪುಟ ಖಾಲಿ ಮಾಡಿ.

ಮೇಕೆ ಕಷ್ಟ. ಕೈಗೆ ಹಚ್ಚುವ ಸ್ಯಾನಿಟೈಸರ್ ಒಂದು ಹನಿ ಮೇಕೆಯ ಬಾಲದ ತುದಿಗೆ ಮಾತ್ರ ಹಚ್ಚಿ ನೋಡಿ. ಬಾಲ ಹೋಗಿ, ಪುಟದ ಅಚ್ಚಿನ ಗೆರೆ ಉಳಿದರೆ ಮುಂದುವರಿಯಿರಿ. ಅಚ್ಚೂ ಮಸುಕಾದರೆ ಅಲ್ಲಿಗೇ ಬಿಟ್ಟು ಆ ಪುಟವನ್ನು ಮಗಳಿಗೇ ಕೊಡಿ. ಒಂದು ಎಚ್ಚರಿಕೆ ಮಾತ್ರ: 14ನೇ ಪುಟದಲ್ಲಿ ಮತ್ತೆ ಆಫೀಸಿನ ಲೆಕ್ಕ ಬರೆಯಬೇಡಿ, ಸ್ಕ್ಯಾನ್ ಮಾಡಿ ಕಳಿಸಿದ ಪ್ರತಿ ಪಿಡಿಎಫ್‌ನಲ್ಲೂ ಬಾಲ ಇಲ್ಲದ ಒಂದು ನೀಲಿ ಮೇಕೆ ಹೋಗುತ್ತದೆ.